ಬೋರ್‌ವೆಲ್ ನೀರಿಗೆ ಆರ್‌ಒ ಫಿಲ್ಟರ್: ಐದು ವರ್ಷಗಳ ಬಳಕೆಯ ನಂತರ

ತುಮಕೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಆರ್‌ಒ (ರಿವರ್ಸ್ ಆಸ್ಮೋಸಿಸ್, ಅಂದರೆ ತೆಳುಪೊರೆ ದಾಟಿಸಿ ಲವಣ ತೆಗೆಯುವ) ವಾಟರ್ ಫಿಲ್ಟರ್ ಹಾಕಿಸಿ ಐದು ವರ್ಷ ದಾಟಿದೆ. ಹೇಮಾವತಿ ನೀರು ಮತ್ತು ಕೊಳವೆಬಾವಿಯ ನೀರು ಎರಡೂ ಒಂದೇ ಸಂಪಿಗೆ ಬೀಳುವುದರಿಂದ ಅದರ ಟಿಡಿಎಸ್, ಅಂದರೆ ಕರಗಿದ ಲವಣಗಳ ಒಟ್ಟು ಪ್ರಮಾಣ, ಮಳೆಗಾಲದಲ್ಲಿ ಲೀಟರಿಗೆ 350 ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ ಬೇಸಿಗೆಯಲ್ಲಿ 900ರ ಹತ್ತಿರ ಹೋಗುತ್ತದೆ. ಸುಮಾರು ಹದಿನೈದು ಸಾವಿರ ರೂಪಾಯಿ ಕೊಟ್ಟು ತಂದ ಈ ಯಂತ್ರದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಬಹುಪಾಲು ಸಂಗತಿಗಳು ಈ ಬೆಲೆಯ ಇತರ ಯಂತ್ರಗಳಿಗೂ ಅನ್ವಯಿಸುತ್ತವೆ.

ಉಪ್ಪು ತೆಗೆಯುವ ಕೆಲಸವನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಕುಕ್ಕರ್ ಎಷ್ಟು ಕೂಗಿದರೂ ಕಾಳುಕಾಳಾಗಿಯೇ ಉಳಿಯುತ್ತಿದ್ದ ತೊಗರಿಬೇಳೆ ಈಗ ಹದವಾಗಿ ಬೇಯುತ್ತದೆ, ಟೀ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ನಿಂತಿದೆ. ಹೊರಬರುವ ನೀರಿನ ಟಿಡಿಎಸ್ 40ರಿಂದ 70ರ ನಡುವೆ ಇರುತ್ತದೆ. ಊರಿಗೆ ಹೋಗಿ ಬಂದಾಗ, ನಿಂತೇ ಇದ್ದ ಯಂತ್ರದ ಮೊದಲ ಕೆಲವು ಲೋಟ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ಅದನ್ನು ಪಾತ್ರೆ ತೊಳೆಯಲು ಬಳಸಿದರೆ ಸಾಕು.

ನಮ್ಮನ್ನು ದಿನವೂ ಕಾಡುವುದು ತ್ಯಾಜ್ಯ ನೀರು. ಮೆಂಬ್ರೇನ್ ಎಂಬ ತೆಳುಪೊರೆಯ ಮೂಲಕ ನೀರನ್ನು ಒತ್ತಡದಿಂದ ದಾಟಿಸುವಾಗ, ದಾಟದೆ ಉಳಿದ ಲವಣವನ್ನು ಹೊತ್ತುಕೊಂಡು ಹೋಗಲು ಒಂದಷ್ಟು ನೀರು ಹೊರಗೆ ಹರಿಯಲೇಬೇಕು, ಇಲ್ಲವಾದರೆ ಪೊರೆ ಕೆಲವೇ ದಿನಗಳಲ್ಲಿ ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಕುಡಿಯುವ ಒಂದು ಲೀಟರಿಗೆ ಎರಡು ಲೀಟರಿಗೂ ಹೆಚ್ಚು ನೀರು ಆ ಸಣ್ಣ ಪೈಪಿನಿಂದ ಹೊರಬೀಳುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಬಳಸಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ನಾವೂ ಹಿಡಿಯುತ್ತೇವೆ. ಆದರೆ ಒಳಗೆ ಹೋಗುವ ನೀರು 900 ಇದ್ದಾಗ ಹೊರಬೀಳುವುದು 1,300ರ ಸುಮಾರು ಇರುತ್ತದೆಂಬುದನ್ನು ಸಲಹೆ ಕೊಡುವವರು ಹೇಳುವುದಿಲ್ಲ. ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಅಡ್ಡಿಯಿಲ್ಲ. ಸ್ಕೂಟರ್ ತೊಳೆದರೆ ಒಣಗಿದ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ, ಕುಂಡದ ಕರಿಬೇವಿಗೆ ಹಾಕುತ್ತಾ ಬಂದರೆ ಎಲೆಯ ಅಂಚು ಸುಡುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದೂ, ಉಳಿದ ಕಡೆ ಒಳಹೋದ ನೀರಿನಲ್ಲಿ ಕನಿಷ್ಠ ಶೇ. 60ರಷ್ಟು ಶುದ್ಧ ನೀರಾಗಿ ಸಿಗುವಂತಿರಬೇಕೆಂದೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತ್ತು. ಆ ಲೆಕ್ಕದಲ್ಲಿ ಮಳೆಗಾಲದ ನಮ್ಮ ನೀರಿಗೆ ಈ ಯಂತ್ರ ಬೇಕಾಗಿಯೇ ಇಲ್ಲ.

ಮಾರಾಟದವರ ಪ್ರದರ್ಶನದ ಬಗ್ಗೆಯೂ ಒಂದು ಮಾತು ಹೇಳಬೇಕು. ಲೋಹದ ಕಡ್ಡಿಗಳಿರುವ ಒಂದು ಪೆಟ್ಟಿಗೆಯನ್ನು ತಂದು, ಒಂದು ಲೋಟದಲ್ಲಿ ನಲ್ಲಿ ನೀರನ್ನೂ ಇನ್ನೊಂದರಲ್ಲಿ ಆರ್‌ಒ ನೀರನ್ನೂ ಇಟ್ಟು ಕರೆಂಟ್ ಹಾಯಿಸುತ್ತಾರೆ. ನಲ್ಲಿ ನೀರು ನೋಡುನೋಡುತ್ತಿದ್ದಂತೆ ಕಂದುಬಣ್ಣದ ಕೆಸರಾಗುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಉಳಿಯುತ್ತದೆ. ಆ ಕೆಸರು ಕಡ್ಡಿಯ ಕಬ್ಬಿಣವೇ ಕರಗಿ ಆದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದರಿಂದ ಅಲ್ಲಿ ಕಡ್ಡಿ ಬೇಗ ಕರಗುತ್ತದೆ. ನಮ್ಮ ಮನೆಗೆ ಬಂದಿದ್ದ ಹುಡುಗನಿಗೆ ಆರ್‌ಒ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಪ್ಪಾ ಎಂದೆ. ಅದೂ ಕಂದಾಯಿತು, ಆತ ಪೆಟ್ಟಿಗೆ ಮುಚ್ಚಿದ.

ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರನ್ನೂ ಇದೇ ಎಚ್ಚರದಿಂದ ನೋಡಬೇಕು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಲವಣದ ಅಂದಾಜು ಕೊಡುತ್ತದೆಯೇ ಹೊರತು ಕ್ರಿಮಿಗಳಿವೆಯೇ, ಫ್ಲೋರೈಡ್ ಎಷ್ಟಿದೆ ಎಂಬುದನ್ನು ಹೇಳಲಾರದು. ನಮ್ಮದೇ ಜಿಲ್ಲೆಯ ಪಾವಗಡದ ಕಡೆ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದಕ್ಕಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 1.5. ಇಂಥ ಕಡೆಗಳಲ್ಲಿ ಯಂತ್ರದೊಳಗಿನ ‘ಟಿಡಿಎಸ್ ಕಂಟ್ರೋಲರ್’ ಎಂಬ ತಿರುಪನ್ನು ನಂಬುವಂತಿಲ್ಲ. ನೀರು ಸಪ್ಪೆಯಾಗಿದೆ ಎಂದರೆ ಸರ್ವೀಸಿನವರು ಅದನ್ನು ಸ್ವಲ್ಪ ತಿರುಗಿಸುತ್ತಾರೆ, ರುಚಿ ಬರುತ್ತದೆ. ಮೆಂಬ್ರೇನ್ ದಾಟದ ನೀರನ್ನು ದಾಟಿದ ನೀರಿಗೆ ಬೆರೆಸುವುದಷ್ಟೇ ಅದರ ಕೆಲಸವಾದ್ದರಿಂದ, ರುಚಿಯ ಜೊತೆಗೆ ಫ್ಲೋರೈಡ್, ನೈಟ್ರೇಟ್ ಕೂಡ ವಾಪಸು ಬರುತ್ತವೆ. ನಮ್ಮದನ್ನು ಪೂರ್ತಿ ಮುಚ್ಚಿಸಿದ್ದೇವೆ.

ಸರ್ವೀಸ್ ವಿಷಯದಲ್ಲಿ ನನ್ನ ಅಂಕ ಕಡಿಮೆ. ಫಿಲ್ಟರ್ ಬದಲಿಸಿ ಎಂದು ಕೂಗುವ ಬೀಪ್ ಎಷ್ಟು ಲೀಟರ್ ಹರಿಯಿತೆಂದು ಲೆಕ್ಕವಿಡುವುದಿಲ್ಲ, ತಿಂಗಳನ್ನಷ್ಟೇ ಎಣಿಸುತ್ತದೆ; ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿದ್ದರೂ ಅದರ ಎಣಿಕೆ ನಿಲ್ಲದು. ಫಿಲ್ಟರ್ ಬದಲಿಸಿದ ಮೇಲೂ ಆ ಬೀಪ್ ನಿಲ್ಲಿಸಲು ಕಂಪನಿಯವರೇ ಬಂದು ಬಟನ್ ಒತ್ತಬೇಕು. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಎಂದು ವರ್ಷಕ್ಕೆ ನಾಲ್ಕೈದು ಸಾವಿರ ಕಟ್ಟಿಸಿಕೊಂಡ ಮೇಲೂ, ಪಂಪ್ ಕೆಟ್ಟಾಗ ಅದು ಈ ಪ್ಲಾನಿನಲ್ಲಿ ಬರುವುದಿಲ್ಲ ಸಾರ್ ಎಂಬ ಉತ್ತರ ಸಿಕ್ಕಿತು. ಸಹಿ ಹಾಕುವ ಮುನ್ನ ಮೆಂಬ್ರೇನ್, ಪಂಪ್, ಅಡಾಪ್ಟರ್ ಮೂರೂ ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಯಂತ್ರದೊಳಗಿನ ಯುವಿ (ಅತಿನೇರಳೆ ಕಿರಣದ) ದೀಪ ನೀಲಿಯಾಗಿ ಉರಿಯುತ್ತಿದ್ದರೂ ಕ್ರಿಮಿ ಕೊಲ್ಲುವ ಅದರ ಶಕ್ತಿ ಕಾಲ ಕಳೆದಂತೆ ಕುಗ್ಗುತ್ತದೆ, ಹಾಗಾಗಿ ಆ ಬದಲಾವಣೆಯಲ್ಲಿ ಜಿಪುಣತನ ಬೇಡ. ಕರೆಂಟ್ ಹೋದಾಗ ಟ್ಯಾಂಕಿನಲ್ಲಿರುವ ಏಳೆಂಟು ಲೀಟರೇ ಗತಿ.

ಬೆಂಗಳೂರಿನಲ್ಲಿ ಕಾವೇರಿ ನೀರು ಮಾತ್ರ ಬರುವ ಮನೆಯವರು ಇದನ್ನು ಕೊಳ್ಳುವ ಅಗತ್ಯವಿಲ್ಲ. ಸಾಧಾರಣ ಯುವಿ ಫಿಲ್ಟರ್, ಇಲ್ಲವೇ ಕುದಿಸಿ ಆರಿಸಿದ ನೀರು ಸಾಕು. ನಮ್ಮಂತೆ ಕೊಳವೆಬಾವಿ ನಂಬಿದವರು ಮೊದಲು ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡಿ ತೀರ್ಮಾನಿಸಲಿ. ಈ ಯಂತ್ರ ಕೆಟ್ಟು ಮೂಲೆ ಸೇರಿದ ದಿನ ನಾನು ಮತ್ತೆ ಆರ್‌ಒವನ್ನೇ ತರುತ್ತೇನೆ. ಆದರೆ ಪರದೆ, ಬೀಪ್, ಆ್ಯಪ್ ಯಾವುದೂ ಇಲ್ಲದ, ಪೇಟೆಯ ಯಾವ ಅಂಗಡಿಯಲ್ಲೂ ಸಿಗುವ ಮಾಮೂಲಿ ಅಳತೆಯ ಮೆಂಬ್ರೇನ್ ಕೂರುವ, ಬೀದಿ ಕೊನೆಯ ರಿಪೇರಿಯವನೂ ಬಿಚ್ಚಬಲ್ಲ ಯಂತ್ರವನ್ನೇ ಹುಡುಕುತ್ತೇನೆ.