ದುಬ್ರೊವ್ನಿಕ್‌ನಲ್ಲಿ ಸೂರ್ಯಾಸ್ತದ ಕಯಾಕ್ ಟೂರ್: ದುಡ್ಡು ಕಟ್ಟುವ ಮೊದಲು ಓದಿ

ಕ್ರೊಯೇಷಿಯಾಕ್ಕೆ ಹೊರಟಿರುವವರು, ಅದರಲ್ಲೂ ಈಜು ಬಾರದ ಮನೆಮಂದಿಯನ್ನು ಜೊತೆಗೆ ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಸೂರ್ಯ ಮುಳುಗುವುದನ್ನು ಕಡಲ ಮಧ್ಯದಿಂದ ನೋಡಿದರೆ ವಾಪಸು ಬರುವುದು ಕತ್ತಲಲ್ಲೇ. ಈ ಮಾತನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಕತ್ತಲಿಗೆ ಬೇಕಾದ ಯಾವ ತಯಾರಿಯೂ ಇಲ್ಲದ ಒಂದು ಕಂಪನಿಯ ಜೊತೆ ಹೋಗಿ ನನ್ನ ಅಕ್ಕ, ಭಾವ ಇಬ್ಬರೂ ದುಬ್ರೊವ್ನಿಕ್‌ನ ಕೋಟೆಗೋಡೆಯ ಕೆಳಗೆ ಸಮುದ್ರಕ್ಕೆ ಬಿದ್ದರು. ಇವತ್ತು ಇಬ್ಬರೂ ಆರಾಮಾಗಿದ್ದಾರೆ. ಅವರನ್ನು ಉಳಿಸಿದ್ದು ಕಂಪನಿಯಲ್ಲ, ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದ ದೋಣಿಯ ಹಿರಿಯರೊಬ್ಬರು.

2023ರ ಜನವರಿ 1ರಂದು ಕ್ರೊಯೇಷಿಯಾ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗನ್ ಗುಂಪಿಗೂ ಸೇರಿತು, ಯೂರೋವನ್ನೂ ತಂದಿತು. ಅಲ್ಲಿಂದೀಚೆಗೆ ಇಟಲಿಗೆ ಹೋಗುವ ನಮ್ಮವರು ಅದೇ ವೀಸಾದಲ್ಲಿ ಈ ಕಡೆಗೂ ಬರುವುದು ಸುಲಭವಾಗಿದೆ. ನಾವೂ ಹಾಗೇ ಹೋದವರು: ನಾನು, ನನ್ನ ಯಜಮಾನರು, ಅಕ್ಕ, ಭಾವ. ಸೆಪ್ಟೆಂಬರ್ ಕೊನೆ. ಊರಿನ ಬಗ್ಗೆ ನನ್ನದು ಒಂದೇ ಒಂದು ದೂರೂ ಇಲ್ಲ. ಸುಮಾರು ಎರಡು ಕಿಲೋಮೀಟರ್ ಉದ್ದದ ಕೋಟೆಗೋಡೆಯ ಮೇಲೆ ನಡೆದಾಗ ಅಕ್ಕ ಮಗುವಿನ ಹಾಗೆ ಖುಷಿಪಟ್ಟಿದ್ದಳು.

ಕಯಾಕ್ ಎಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ. ಕಯಾಕ್ ಕಂಪನಿಗಳು ಹೆಚ್ಚಾಗಿ ಹೊರಡುವುದು ಹಳೇ ಊರಿನ ಪಿಲೆ ಬಾಗಿಲಿನ ಹೊರಗಿನ ಪುಟ್ಟ ಕೊಲ್ಲಿಯಿಂದ. ಒಂದು ಕಡೆ ಲೊವ್ರಿಯೆನಾತ್ಸ್ ಕೋಟೆ, ಇನ್ನೊಂದು ಕಡೆ ಊರಿನ ಗೋಡೆ. ಅಲ್ಲಿಂದ ಗೋಡೆಯ ಬುಡದಲ್ಲೇ ಪೂರ್ವಕ್ಕೆ ಹುಟ್ಟು ಹಾಕುತ್ತಾ ಹೋಗಿ, ಬೆಟಿನಾ ಗುಹೆಯ ಬಳಿ ನಿಂತು, ಎದುರಿಗಿರುವ ಲೊಕ್ರುಮ್ ದ್ವೀಪವನ್ನು ಒಂದು ಸುತ್ತು ಹಾಕಿ ಬರುವುದು. ಲೊಕ್ರುಮ್ ಹಳೇ ಊರಿನಿಂದ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ, ಅಷ್ಟೆ. ದಡದಿಂದ ನೋಡಿದರೆ ಕೈಗೆ ಸಿಗುವಂತಿದೆ. ಆದರೆ ದ್ವೀಪದ ಆಚೆ ಬದಿಗೆ ಹೋದಿರಿ ಅಂದರೆ ಇಟಲಿಯವರೆಗೂ ಬರೀ ನೀರು. ಆ ಬದಿಯಲ್ಲಿ ಇಳಿಯಲು ಜಾಗವಿಲ್ಲ, ಬಂಡೆಗಳಿಗೆ ಬಡಿದ ಅಲೆ ತಿರುಗಿ ಬಂದು ಎದುರಿನ ಅಲೆಗೆ ಗುದ್ದುತ್ತದೆ. ಕಯಾಕ್ ಯಾವ ಕಡೆಗೆ ವಾಲುತ್ತದೆಂದು ಹೊಸಬರಿಗೆ ತಿಳಿಯುವುದೇ ಇಲ್ಲ.

ಬುಕಿಂಗ್ ಪುಟದಲ್ಲಿ ‘ಈಜು ಬರದಿದ್ದರೂ ಪರವಾಗಿಲ್ಲ, ಹೊಸಬರಿಗೂ ಸುಲಭ’ ಎಂದಿತ್ತು. ಅಕ್ಕನಿಗೆ ಈಜು ಬರುವುದಿಲ್ಲ. ಅದಕ್ಕೇ ಅವಳು ಕೌಂಟರಿನಲ್ಲಿ ಮತ್ತೆ ಕೇಳಿದಳು. “ಸಮುದ್ರ ಇವತ್ತು ಕೆರೆ ಇದ್ದ ಹಾಗಿದೆ, ಏನೂ ಯೋಚನೆ ಮಾಡಬೇಡಿ” ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಎಷ್ಟು ಜನ ಗೈಡ್‌ಗಳು ಬರುತ್ತಾರೆ ಎಂದು ಭಾವ ಕೇಳಿದ್ದಕ್ಕೆ “ಸಾಕಾಗುವಷ್ಟು” ಎಂಬ ಉತ್ತರ ಬಂತು. ಬಂದದ್ದು ಒಬ್ಬನೇ ಒಬ್ಬ. ಇಬ್ಬಿಬ್ಬರು ಕೂರುವ ಹದಿನೈದಕ್ಕೂ ಹೆಚ್ಚು ಕಯಾಕ್‌ಗಳಿಗೆ ಒಬ್ಬ ಇಪ್ಪತ್ತರ ಆಸುಪಾಸಿನ ಹುಡುಗ. ಕೊನೆಯ ದೋಣಿಯ ಹಿಂದೆ ಇನ್ನೊಬ್ಬ ಗೈಡ್ ಇರಬೇಕಾದ ಜಾಗದಲ್ಲಿ ಯಾರೂ ಇರಲಿಲ್ಲ.

ಅಂದು ಬೆಳಗಿನಿಂದಲೇ ಆಕಾಶ ಮಬ್ಬಾಗಿತ್ತು, ಸೆಕೆ, ಮೈಯೆಲ್ಲ ಅಂಟು. ನಾವು ಉಳಿದುಕೊಂಡಿದ್ದ ಮನೆಯ ಅಜ್ಜಿ ಬೆಳಿಗ್ಗೆ ಬಟ್ಟೆ ಒಣಹಾಕಿರಲಿಲ್ಲ. “ಯುಗೊ ಬರುತ್ತಿದೆ” ಎಂದಿದ್ದರು. ಆಗ್ನೇಯ ದಿಕ್ಕಿನಿಂದ ಬೀಸುವ ಗಾಳಿಗೆ ಅಲ್ಲಿ ಯುಗೊ ಎನ್ನುತ್ತಾರೆ. ಅಲ್ಲಿನ ಏಡ್ರಿಯಾಟಿಕ್ ಸಮುದ್ರ ಉದ್ದಕ್ಕೆ ಚಾಚಿಕೊಂಡಿದೆ, ಯುಗೊ ಅದರ ಉದ್ದಕ್ಕೇ ಬೀಸುತ್ತದೆ. ಹಾಗಾಗಿ ಅಲೆಗೆ ಬೆಳೆಯಲು ನೂರಾರು ಕಿಲೋಮೀಟರ್ ಸಿಗುತ್ತದೆ. ಈ ಗಾಳಿ ತಟ್ಟನೆ ಎರಗುವುದಿಲ್ಲ. ಒಂದೆರಡು ದಿನ ಹಿಡಿದು ನಿಧಾನಕ್ಕೆ ಬಲಿಯುತ್ತದೆ, ಆದ್ದರಿಂದಲೇ ಮುನ್ಸೂಚನೆಯಲ್ಲಿ ಸಿಕ್ಕೇ ಸಿಗುತ್ತದೆ. ಹಳೆಯ ದುಬ್ರೊವ್ನಿಕ್ ಗಣರಾಜ್ಯದಲ್ಲಿ ಯುಗೊ ಬೀಸುವಾಗ ದೊಡ್ಡ ತೀರ್ಮಾನಗಳನ್ನೇ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಊರಿನವರು ಹೇಳುತ್ತಾರೆ. ಅಡುಗೆಮನೆಯಲ್ಲಿ ಕೂತ ಅಜ್ಜಿಗೆ ಗೊತ್ತಿದ್ದದ್ದು ಸಮುದ್ರದಲ್ಲೇ ವ್ಯಾಪಾರ ಮಾಡುವ ಕಂಪನಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಟೂರ್ ರದ್ದು ಮಾಡಿದರೆ ಎಲ್ಲರ ದುಡ್ಡೂ ವಾಪಸು ಕೊಡಬೇಕಿತ್ತು.

ಜೂನ್–ಜುಲೈ ಬೇರೆ ಕಥೆ. ಬೇಸಿಗೆಯಲ್ಲಿ ಮಧ್ಯಾಹ್ನ ವಾಯವ್ಯದಿಂದ ಮಾಯೆಸ್ಟ್ರಾಲ್ ಎಂಬ ಗಾಳಿ ಎದ್ದು ಸಂಜೆಗೆ ತಾನಾಗಿ ಅಡಗುತ್ತದೆ. ಸಮುದ್ರ ಸಂಜೆ ಹೊತ್ತಿಗೆ ನಯವಾಗುವುದು ಅದರಿಂದಲೇ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ಸುಮಾರಿಗೆ. ಸೆಪ್ಟೆಂಬರ್ ಕೊನೆಯಲ್ಲಿ ಆರೂಮುಕ್ಕಾಲರೊಳಗೇ ಮುಳುಗಿರುತ್ತದೆ, ಅಲ್ಲಿಂದ ಅರ್ಧ ಗಂಟೆಗೆ ಕತ್ತಲು. ಚೆಂದದ ಫೋಟೋಗಳು, ನಕ್ಷತ್ರಗಳ ರೇಟಿಂಗ್‌ಗಳು ಬಹಳಷ್ಟು ಬೇಸಿಗೆಯವು. ಅವನ್ನು ನೋಡಿ ಶರತ್ಕಾಲದ ಟೂರ್ ಬುಕ್ ಮಾಡಬೇಡಿ.

ಹೊರಡುವುದೇ ತಡವಾಯಿತು. ಇನ್ಯಾರೋ ಬರಬೇಕೆಂದು ಕಾಯಿಸಿದರು. ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ತರಬೇತಿ ಎಂದರೆ ಹುಟ್ಟು ಹಿಡಿಯುವುದು ಹೀಗೆ, ತಿರುಗಿಸುವುದು ಹೀಗೆ, ಮುಗಿಯಿತು. ದೋಣಿ ಮಗುಚಿದರೆ ಏನು ಮಾಡಬೇಕು ಎಂದು ಒಂದು ಮಾತಿಲ್ಲ. ಅಕ್ಕನಿಗೆ ಕೊಟ್ಟ ಲೈಫ್ ಜಾಕೆಟ್‌ನ ಕೆಳಗಿನ ಬಕಲ್ ಮುರಿದಿತ್ತು. ಬೇರೆ ಕೊಡಿ ಎಂದರೆ “ಮೇಲಿನದು ಹಾಕಿದರೆ ಸಾಕು” ಎಂದ ಆ ಹುಡುಗ. ಭಾವ ಪಟ್ಟು ಹಿಡಿದ ಮೇಲೆ ಇನ್ನೊಂದು ತಂದ, ಅದು ಅವಳ ಅಳತೆಗೆ ಎರಡರಷ್ಟು. ಹಿಂದೆ ಸಾಲಿನಲ್ಲಿ ಜನ, ಮುಂದೆ ಹೊರಡಿ ಹೊರಡಿ ಎಂಬ ಕೂಗು. ಯಾವ ದೋಣಿಗೂ ದೀಪವಿಲ್ಲ, ಯಾರ ಬಳಿಯೂ ಸೀಟಿ ಇಲ್ಲ. ಹುಟ್ಟು ಹಾಕಿ ನಡೆಸುವ ಎಂಥ ಸಣ್ಣ ದೋಣಿಯೂ ಕತ್ತಲಲ್ಲಿ ಬಿಳಿ ಬೆಳಕಿನ ಟಾರ್ಚನ್ನಾದರೂ ಕೈಗೆಟುಕುವಂತೆ ಇಟ್ಟುಕೊಂಡು, ಡಿಕ್ಕಿ ತಪ್ಪಿಸಲು ತೋರಿಸಬೇಕು ಎಂಬುದು ಸಮುದ್ರಯಾನದ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲೇ ಇದೆ.

ಬೆಟಿನಾ ಗುಹೆ ನಿಜಕ್ಕೂ ಸುಂದರ. ಸಮುದ್ರದ ಕಡೆಯಿಂದ ಮಾತ್ರ ಸೇರಬಹುದಾದ, ಬೆಳ್ಳಗಿನ ಬೆಣಚುಕಲ್ಲುಗಳ ತೀರ. ಅಲ್ಲಿ ಎಲ್ಲರಿಗೂ ವೈನ್ ಸುರಿದು ಕೊಟ್ಟರು. ಒಂದು ಲೋಟ, ಆಮೇಲೆ ಇನ್ನೊಂದು. ಫೋಟೋಗಳಿಗೆಂದು ಬಹಳ ಹೊತ್ತು ನಿಲ್ಲಿಸಿದರು. ಇನ್ನೂ ಅರ್ಧಕ್ಕಿಂತ ಹೆಚ್ಚು ದಾರಿ ಇರುವಾಗ, ಮೊದಲ ಸಲ ಹುಟ್ಟು ಹಿಡಿದ ಜನರಿಗೆ ಮದ್ಯ ಕೊಡುವುದು ಯಾವ ಲೆಕ್ಕದ ಸುರಕ್ಷತೆ? ಈ ಮಾತನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಲೊಕ್ರುಮ್‌ನ ಆಚೆ ಬದಿಯಲ್ಲಿ ಮೋಡದ ಸಂದಿಯಲ್ಲಿ ಸೂರ್ಯ ಒಂದು ಗಳಿಗೆ ಕಂಡ. ಆ ಹೊತ್ತಿಗಾಗಲೇ ಅಲೆ ಎದ್ದಿತ್ತು. ಗೈಡ್ ತಿರುಗಿ ನೋಡಿ, ಬೇಗ ಬನ್ನಿ ಎಂದು ಕೈ ಬೀಸಿ, ಜೋರಾಗಿ ಹುಟ್ಟು ಹಾಕುವವರ ಜೊತೆ ಮುಂದೆ ಹೋಗಿಬಿಟ್ಟ. ಹಿಂದುಳಿದವರು ನಾವು ನಾಲ್ವರು ಮತ್ತು ವಯಸ್ಸಾದ ಒಂದು ದಂಪತಿ. ಪಿಲೆಗೆ ಮರಳುವಾಗ ಗಾಳಿ, ಅಲೆ ಎರಡೂ ಬೆನ್ನ ಹಿಂದಿನಿಂದ. ಕೇಳಲು ಇದು ಅನುಕೂಲ ಅನಿಸುತ್ತದೆ, ಅನುಭವವಿಲ್ಲದವರಿಗೆ ಇದೇ ಅಪಾಯ. ಹಿಂದಿನಿಂದ ಬಂದ ಅಲೆ ಕಯಾಕ್‌ನ ಬಾಲವನ್ನು ಎತ್ತಿ ಅಡ್ಡಕ್ಕೆ ತಿರುಗಿಸುತ್ತದೆ, ಅಡ್ಡ ನಿಂತ ದೋಣಿಗೆ ಮುಂದಿನ ಅಲೆ ಬಡಿದರೆ ಮಗುಚಿದಂತೆಯೇ. ಕೋಟೆಗೋಡೆಯ ಕೆಳಗೆ ಸರಿಯಾಗಿ ಹಾಗೇ ಆಯಿತು. ಮೇಲೆ ಬಂಡೆಯ ಅಂಚಿನ ಕೆಫೆಗಳಲ್ಲಿ ದೀಪ, ಸಂಗೀತ, ಜನ. ಕೆಳಗೆ ನಮ್ಮ ಕೂಗು ಅವರಿಗೆ ಕೇಳಲಿಲ್ಲ.

ಅಕ್ಕ ನೀರಿಗೆ ಬಿದ್ದ ಕೂಡಲೇ ಆ ದೊಗಲೆ ಜಾಕೆಟ್ ಮೇಲಕ್ಕೆ ಜಾರಿ ಅವಳ ಬಾಯಿ, ಮೂಗು ಮುಚ್ಚಿತು. ಕೈ ಮೇಲೆತ್ತಿದರೆ ಜಾಕೆಟ್ಟೇ ಕಳಚಿಹೋಗುವ ಹಾಗಿತ್ತು. ಭಾವ ಒಂದು ಕೈಯಲ್ಲಿ ಮಗುಚಿದ ಕಯಾಕ್ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಜಾಕೆಟ್‌ನ ಪಟ್ಟಿಯನ್ನು ಕೆಳಕ್ಕೆ ಎಳೆದು ಹಿಡಿದುಕೊಂಡರು. ನಾವು ಹತ್ತಿರ ಹೋಗಲು ನೋಡಿದರೆ ನಮ್ಮ ದೋಣಿಯೂ ವಾಲುತ್ತಿತ್ತು. ಯಜಮಾನರು ಫೋನಿನ ಟಾರ್ಚ್ ಹಚ್ಚಿ ಬೀಸತೊಡಗಿದರು. ದೊಡ್ಡದೊಂದು ಸ್ಪೀಡ್‌ಬೋಟ್ ನಮ್ಮನ್ನು ಕಾಣದೆ ಪಕ್ಕದಲ್ಲೇ ಹಾದುಹೋಯಿತು. ನನ್ನ ಜೀವ ಬಾಯಿಗೆ ಬಂದದ್ದು ಆಗ.

ಹಳೇ ಬಂದರಿಗೆ ಮರಳುತ್ತಿದ್ದ ಚಿಕ್ಕ ಮರದ ದೋಣಿಯೊಂದು ಆ ಬೆಳಕು ಕಂಡು ತಿರುಗಿತು. ಅದರ ಹಿರಿಯರು ಎಂಜಿನ್ ನಿಲ್ಲಿಸಿ, ಗಾಳಿಗೆ ತೇಲುತ್ತಾ ಹತ್ತಿರ ಬಂದು, ಅಕ್ಕನನ್ನು ಜಾಕೆಟ್‌ನ ಭುಜ ಹಿಡಿದು ಒಳಗೆಳೆದರು. ಆಮೇಲೆ ಭಾವನನ್ನು. ನಮ್ಮ ಕಯಾಕಿಗೂ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಅಕ್ಕನ ಅಂಗಾಲಿನ ತುಂಬ ಕಪ್ಪು ಮುಳ್ಳು. ಬಂಡೆಗೆ ಕಾಲು ತಾಗಿದಾಗ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲ ಜೀವಿ ಚುಚ್ಚಿತ್ತು, ಆ ಗಲಾಟೆಯಲ್ಲಿ ಅವಳಿಗೆ ಗೊತ್ತೇ ಆಗಿರಲಿಲ್ಲ.

ನಾವು ಪಿಲೆಗೆ ನಡೆದುಕೊಂಡು ಹೋದಾಗ ಗೈಡ್ ದೋಣಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ತಲೆ ಎಣಿಸಿರಲಿಲ್ಲ. ಆ ವಯಸ್ಸಾದ ದಂಪತಿ ಆಗಷ್ಟೇ ಹೇಗೋ ತಾವಾಗಿ ದಡ ಸೇರಿ, ಕಲ್ಲಿನ ಮೇಲೆ ನಡುಗುತ್ತಾ ಕೂತಿದ್ದರು. ಕಂಪನಿಯವರು ಮೊದಲು ಕೇಳಿದ್ದು ಕಯಾಕ್ ಎಲ್ಲಿ ಎಂದು. ದುಡ್ಡು ವಾಪಸಿಲ್ಲ, ಸಹಿ ಮಾಡಿದ್ದೀರಲ್ಲ ಎಂದರು. ರಶೀದಿ ಕೇಳಿದರೆ ನಗದು ಕೊಟ್ಟವರಿಗೆ ರಶೀದಿ ಇಲ್ಲ ಎಂದರು. ಇದು ಸುಳ್ಳು. ಕ್ರೊಯೇಷಿಯಾದಲ್ಲಿ ನಗದು ಕೊಟ್ಟರೂ ತೆರಿಗೆ ವ್ಯವಸ್ಥೆಗೆ ಜೋಡಿಸಿದ ಬಿಲ್ಲನ್ನು ಕೊಡಲೇಬೇಕು, 2013ರಿಂದ ಆ ನಿಯಮ ಇದೆ. ಬಿಲ್ಲನ್ನು ಅಲ್ಲಿ ‘ರಾಚುನ್’ ಅನ್ನುತ್ತಾರೆ, ದುಡ್ಡು ಕೊಡುವಾಗಲೇ ಕೇಳಿ ಪಡೆಯಿರಿ. ಲಿಖಿತ ದೂರು ಕೊಟ್ಟರೆ ವ್ಯಾಪಾರಿ 15 ದಿನದೊಳಗೆ ಉತ್ತರಿಸಬೇಕೆಂದು ಅಲ್ಲಿನ ಗ್ರಾಹಕ ಕಾನೂನು ಹೇಳುತ್ತದೆ. ನಾವು ಕಂಪನಿಗೂ ಕೊಟ್ಟೆವು, ಬಂದರು ಕಪ್ತಾನರ ಕಚೇರಿಗೂ ಬರೆದು ಕೊಟ್ಟೆವು.

ವಿಮೆಯ ವಿಷಯ ಇನ್ನೂ ಕಹಿ. ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಅದು ನಮ್ಮ ಬಳಿ ಇತ್ತು. ಮುಳ್ಳು ತೆಗೆಸಿದ ಖರ್ಚು ಕೇಳಿದಾಗ ‘ಸಾಹಸ ಕ್ರೀಡೆ’ ಹೊರತುಪಡಿಸಲಾಗಿದೆ ಎಂಬ ಸಾಲನ್ನು ತೋರಿಸಿದರು. ಈಜು ಬಾರದವರಿಗೂ ಸುಲಭ ಎಂದು ಕಂಪನಿ ಮಾರಿದ್ದನ್ನೇ ವಿಮೆಯವರು ಸಾಹಸ ಎಂದರು. ಪಾಲಿಸಿಯಲ್ಲಿ ಕಯಾಕಿಂಗ್ ಸೇರಿದೆಯೇ ಎಂದು ಬೆಂಗಳೂರಿನಲ್ಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಅಲ್ಲಿ ಒಳ್ಳೆಯ ಕಂಪನಿಗಳೂ ಇವೆ. ಮಾರನೆಯ ದಿನ ಪಿಲೆಯಲ್ಲಿ ಒಂದು ಕಂಪನಿಯವರು ಗಾಳಿ ಕಾರಣದಿಂದ ಟೂರ್ ಇಲ್ಲ ಎಂದು ಬೋರ್ಡ್ ಹಾಕಿ ಕೂತಿದ್ದರು. ಹುಡುಕಬೇಕಾದ್ದು ಅಂಥವರನ್ನು. ಗಾಳಿ ಎಷ್ಟಾದರೆ ರದ್ದು ಮಾಡುತ್ತೀರಿ, ಮಾಡಿದರೆ ಪೂರ್ತಿ ದುಡ್ಡು ಕೊಡುತ್ತೀರಾ ಎಂದು ಕೇಳಿ. ಉತ್ತರ ತೊದಲಿದರೆ ಎದ್ದು ಬನ್ನಿ. ಕೊನೆಯ ದೋಣಿಯ ಹಿಂದೆ ಗೈಡ್ ಇರುತ್ತಾರಾ, ಅವರ ಬಳಿ ದೋಣಿಗಳವರು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೋ ಇದೆಯಾ, ಪ್ರತಿ ದೋಣಿಗೂ ದೀಪ ಕೊಡುತ್ತೀರಾ, ಇವನ್ನು ಬಿಡದೆ ಕೇಳಿ. ಲೈಫ್ ಜಾಕೆಟ್ ಹಾಕಿ ಎಲ್ಲ ಪಟ್ಟಿ ಬಿಗಿದ ಮೇಲೆ ಜೊತೆಯವರಿಗೆ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿಯ ತನಕ ಬಂದರೆ ಆ ಜಾಕೆಟ್ ನಿಮ್ಮದಲ್ಲ.

ಕ್ರೊಯೇಷಿಯಾದ ಸರ್ಕಾರಿ ಹವಾಮಾನ ಸಂಸ್ಥೆ ಸಮುದ್ರಕ್ಕೆಂದೇ ಬೇರೆ ಮುನ್ಸೂಚನೆ ಕೊಡುತ್ತದೆ, ಇಂಗ್ಲಿಷಿನಲ್ಲೂ ಸಿಗುತ್ತದೆ. ಯುಗೊ ಒಂದೇ ಅಲ್ಲ, ಬುರಾ ಎಂಬ ಗಾಳಿಯೂ ಇದೆ. ಬೆಟ್ಟದಿಂದ ಸಮುದ್ರದ ಕಡೆಗೆ ಥಟ್ಟನೆ ನುಗ್ಗುತ್ತದೆ. ದಡದಲ್ಲಿ ನೀರು ಶಾಂತವಾಗಿ ಕಂಡರೂ ಸ್ವಲ್ಪ ಮುಂದೆ ಹೋದರೆ ದೋಣಿಯನ್ನು ನಡುಸಮುದ್ರಕ್ಕೆ ತಳ್ಳಿಬಿಡುತ್ತದೆ. ಬೇಸಿಗೆಯಲ್ಲಿ ಸಿಡಿಲು ಮಳೆಯ ಜೊತೆ ಬರುವ ನೆವೆರಾ ಎಂಬ ಬಿರುಗಾಳಿಗೂ ಹೆಚ್ಚು ಸಮಯ ಬೇಡ. ಈ ಹೆಸರುಗಳಲ್ಲಿ ಯಾವುದಾದರೂ ಮುನ್ಸೂಚನೆಯಲ್ಲಿ ಇದ್ದರೆ ಆ ಸಂಜೆ ಬಿಡಿ. ಸೂರ್ಯಾಸ್ತವೇ ಬೇಕೆಂದಿದ್ದರೆ ಊರಿನ ಹಿಂದಿನ 412 ಮೀಟರ್ ಎತ್ತರದ ಸರ್ಜ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಕಯಾಕ್ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ಅಷ್ಟಾದರೂ ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ಮಗುಚಿದ ಕಯಾಕ್ ತೇಲುತ್ತದೆ, ನೀರಲ್ಲಿರುವ ತಲೆಗಿಂತ ದೂರದಿಂದ ಕಾಣುತ್ತದೆ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ, ದೋಣಿಯಲ್ಲಿ ಅಲ್ಲ, ನಿಮ್ಮ ಮೈಗೆ ಕಟ್ಟಿಕೊಂಡಿರಿ. ಕ್ರೊಯೇಷಿಯಾದಲ್ಲಿ ಸಮುದ್ರ ರಕ್ಷಣೆಗೆ 195, ಉಳಿದ ತುರ್ತಿಗೆ 112. ರೇಡಿಯೋ ಇದ್ದರೆ ಚಾನೆಲ್ 16.