ಲೆಸ್ಟರ್‌ಗೆ ಹೋಗುವ ಚಟ್ನಿಪುಡಿ: ಎಸ್.ಎಸ್. ಪುರಂನ ಒಂದು ಅಂಗಡಿ

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಈ ಪುಟ್ಟ ಕಾಂಡಿಮೆಂಟ್ಸ್ ಅಂಗಡಿಗೆ ನಾನು ನಾಲ್ಕು ವರ್ಷಗಳಿಂದ ಗಿರಾಕಿ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಮಗಳ ಮನೆಗೆ ರಾಗಿ ಹುರಿಹಿಟ್ಟು, ಹುರುಳಿ ಚಟ್ನಿಪುಡಿ, ಹಲಸಿನ ಹಪ್ಪಳಗಳನ್ನು ಇಲ್ಲಿಂದಲೇ ಒಯ್ಯುತ್ತೇನೆ.

ಅಲ್ಲಿ ನಮ್ಮ ಸಾಮಾನು ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಭಾರತದ ಸಾಮಾನು ಧಾರಾಳವಾಗಿ ಸಿಗುತ್ತದೆ, ನಮ್ಮದು ಸಿಗುವುದಿಲ್ಲ. 1972ರಲ್ಲಿ ಆಫ್ರಿಕಾದ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿದ್ದ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟಾಗ, ಲೆಸ್ಟರ್ ನಗರಸಭೆಯು ‘ಉಗಾಂಡಾ ಆರ್ಗಸ್’ ಪತ್ರಿಕೆಯಲ್ಲಿ ತನ್ನ ಊರಿಗೆ ಬರಬೇಡಿರೆಂದು ಜಾಹೀರಾತನ್ನೇ ಕೊಟ್ಟಿತ್ತು. ಆದರೂ ಸಾವಿರಾರು ಮಂದಿ ಬಂದರು, ಬೆಲ್‌ಗ್ರೇವ್ ರಸ್ತೆಯಲ್ಲಿ ಅಂಗಡಿಗಳನ್ನು ತೆರೆದರು, ಇಂದು ಅದೇ ನಗರಸಭೆ ಆ ರಸ್ತೆಯುದ್ದಕ್ಕೂ ದೀಪಾವಳಿಯ ದೀಪ ಕಟ್ಟಿಸುತ್ತದೆ. ಬಂದವರಲ್ಲಿ ಗುಜರಾತಿಗಳೇ ಹೆಚ್ಚಿದ್ದುದರಿಂದ ಅಲ್ಲಿ ಭಾರತದ ರುಚಿ ಎಂದರೆ ಢೋಕ್ಲಾ, ಥೇಪ್ಲಾ. ರಾಗಿಗೂ ಅಲ್ಲಿ ನಾಗಲಿ ಎಂದೇ ಹೆಸರು. ಬಿಳಿಯರಿಗೆ ತಾನು ಭಾರತದವಳೆಂದು ಹೇಳಿದರೆ ಮುಗಿಯಿತು, ಅಲ್ಲಿನ ಭಾರತೀಯರಿಗೆ ತಾನು ಎಲ್ಲಿಯವಳೆಂದು ತಿಳಿಸುವುದೇ ಕಷ್ಟವೆಂದು ಮಗಳು ನಗುತ್ತಾಳೆ.

ಅಂಗಡಿಯವರ ಮೊದಲ ಪ್ರಶ್ನೆ “ಯಾವ ದೇಶಕ್ಕೆ?” ಎಂಬುದು. ಬ್ರಿಟನ್ ಎಂದರೆ ಪೇಡ, ತುಪ್ಪಗಳನ್ನು ಅವರೇ ಪಕ್ಕಕ್ಕಿಡುತ್ತಾರೆ, ಏಕೆಂದರೆ ಇಲ್ಲಿಂದ ಹೋಗುವವರು ಹಾಲಿನ ಪದಾರ್ಥಗಳನ್ನು ಒಯ್ಯಲು ಅಲ್ಲಿನ ನಿಯಮ ಬಿಡುವುದಿಲ್ಲ. ಬದಲಿಗೆ ಹಾಲು-ತುಪ್ಪ ಸೋಕಿಸದ, ತಿಪಟೂರು ಕೊಬ್ಬರಿಯ ಬೆಲ್ಲದ ಮಿಠಾಯಿ ಕೊಡುತ್ತಾರೆ. ಹುರಿಹಿಟ್ಟಿನ ಹದ ನನ್ನ ತಾಯಿಯದಕ್ಕೆ ಸಮವೆನ್ನಲಾರೆ, ಆದರೆ ಕಾಳು ಸೀದ ವಾಸನೆ ಒಮ್ಮೆಯೂ ಬಂದಿಲ್ಲ.

ಕೊರತೆಗಳೂ ಇವೆ. ಕಳೆದ ಬಾರಿ ಸಾರಿನಪುಡಿಯ ಪೊಟ್ಟಣ ಬಾಯಿಬಿಟ್ಟು ಮೊಮ್ಮಗಳಿಗೆಂದು ಒಯ್ದಿದ್ದ ರೇಷ್ಮೆ ಲಂಗಕ್ಕೆಲ್ಲ ಬಳಿದುಕೊಂಡಿತು. ಕೈಬರಹದ ಚೀಟಿಯಲ್ಲಿ ಹೆಸರಿರುತ್ತದೆಯೇ ಹೊರತು ಒಳಗೆ ಏನೇನು ಹಾಕಿದೆಯೆಂಬ ವಿವರವಿರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದರೆ ಉತ್ತರ ಹೇಳಬೇಕಾದವರು ನಾವು. ದೂರಿದ ಮೇಲೆ, ಕೇಳಿದವರಿಗೆ ಎರಡು ಪದರದ ಪ್ಯಾಕಿಂಗ್ ಮಾಡಿಕೊಡುತ್ತಿದ್ದಾರೆ. ಅದಕ್ಕೆ ಬೇರೆ ದುಡ್ಡು.

ಹಾಗಿದ್ದೂ ಈ ಸಲ ಚಟ್ನಿಪುಡಿಯನ್ನು ಎರಡು ಕಿಲೋ ಬರೆಸಿದ್ದೇನೆ. ಮಗಳ ನೆರೆಮನೆಯಲ್ಲಿ, 1972ರಲ್ಲಿ ಕಂಪಾಲಾದಿಂದ ಬಂದ ಗುಜರಾತಿ ಅಜ್ಜಿಯೊಬ್ಬರಿದ್ದಾರೆ. ಥೇಪ್ಲಾದ ಜೊತೆ ಅವರಿಗೂ ಈಗ ಅದೇ ಬೇಕು, ಅದನ್ನು ಅವರು ಕರೆಯುವುದು ‘ತುಮಕೂರು’ ಎಂದು. ಕೊಳ್ಳುವವರು ಮಧ್ಯಾಹ್ನದೊಳಗೆ ಹೋಗುವುದು ಒಳ್ಳೆಯದು, ಸಂಜೆಗೆ ಹುರುಳಿಯದು ಉಳಿದಿರುವುದಿಲ್ಲ.