ಮಂಗ ಸತ್ತ ಜಾಗದ ಬಿಳಿ ಪುಡಿ ಮತ್ತು ಹತ್ತು ರೂಪಾಯಿ ಆರ್‌ಟಿಐ: ನನ್ ರಿವ್ಯೂ, 5ಕ್ಕೆ 3 ಸ್ಟಾರ್

ಜನವರಿಲಿ ನಮ್ ಸೊಪ್ಪಿನಬೆಟ್ಟದ (ಸೊಪ್ಪು, ದರಗು ತರೋ ಕಾಡಿನ ಜಾಗ) ಅಂಚಲ್ಲಿ ಒಂದು ಮುಸಿಯ, ಅಂದ್ರೆ ಕಪ್ಪು ಮೂತಿ ಮಂಗ, ಸತ್ತು ಬಿದ್ದಿತ್ತು. ಮಲೆನಾಡಲ್ಲಿ ಇದ್ದೋರಿಗೆ ಗೊತ್ತು, ಅದನ್ನ ನೋಡಿದ್ ತಕ್ಷಣ ಆಶಾ ಅಕ್ಕಂಗೆ ಫೋನ್ ಹೋಗುತ್ತೆ, 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ (ಉಣುಗು, ಅಂದ್ರೆ ಉಣ್ಣೆ ಕಚ್ಚಿ ಮನುಷ್ಯರಿಗೂ ಬರೋ ಜ್ವರ) ಏನ್ ಮಾಡ್ತು ಅಂತ ಯಾರೂ ಮರ್ತಿಲ್ಲ. ಮಾರನೇ ದಿನ ಜೀಪಲ್ಲಿ ಬಂದ್ರು, ಮಂಗನ್ನ ಸುಟ್ರು, ಸುತ್ತ ಬಿಳಿ ಪುಡಿ ಎರಚಿ ಹೋದ್ರು. ಅದು ಬೇಕೇ ಬೇಕು, ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಅಲ್ಲೇ ಉದುರುತ್ತೆ, ಅದಕ್ಕೇ ಸತ್ತ ಜಾಗದ ಸುತ್ತ 50 ಅಡಿ ಔಷಧಿ ಹಾಕೋದು. ಹಾಕಿದ್ದಕ್ಕೆ ನಂದೇನೂ ತಕರಾರಿಲ್ಲ, ಏನ್ ಹಾಕಿದ್ರಿ ಅಂತ ಹೇಳಿ ಅಷ್ಟೇ.

ಯಾಕಂದ್ರೆ ಆ ಜಾಗದಿಂದಲೇ ನಾವು ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರೋದು. ಅಲ್ಲಿಂದ ಕೂಗಳತೇಲಿ ಎರಡು ತುಡುವೆ ಜೇನಿನ ಪೆಟ್ಟಿಗೆ ಇದಾವೆ. ಎಷ್ಟು ದಿನ ದನ ಬಿಡಬಾರ್ದು, ಎಷ್ಟು ದಿನ ಸೊಪ್ಪು ಕೊಯ್ಯಬಾರ್ದು? ಪುಡಿ ಚೀಲ ಹೊತ್ತವನನ್ನ ಕೇಳಿದ್ರೆ "ಎಂತದೋ ಉಣುಗಿನ ಪುಡಿ ಮಾರಾಯ್ರೆ, ನಂಗೆ ಗೊತ್ತಿಲ್ಲ" ಅಂದ, ಪಾಪ ಅವನ ಕೈಗೆ ಗ್ಲೌಸೂ ಇರ್ಲಿಲ್ಲ. ಪಂಚಾಯ್ತಿಯವ್ರು ಆರೋಗ್ಯ ಇಲಾಖೆ ಅಂದ್ರು, ಅಲ್ಲಿ ಕೇಳಿದ್ರೆ ಅರಣ್ಯದವ್ರು, ಅರಣ್ಯದವ್ರನ್ನ ಕೇಳಿದ್ರೆ ಪಶು ವೈದ್ಯರು, ಪಶು ವೈದ್ಯರು ವಾಪಸ್ ಪಂಚಾಯ್ತಿಗೇ ಕಳ್ಸಿದ್ರು.

ಆಮೇಲೆ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಅರ್ಜಿ. ಆನ್‌ಲೈನಲ್ಲಿ ಹಾಕ್ಬೋದು, 10 ರೂಪಾಯಿ ಫೀಸು, ಮನೇಲಿ ಕೂತು ಕಾಲ್ ಗಂಟೇಲಿ ಮುಗೀತು, ಇದಕ್ಕೆ ಪೂರ್ತಿ ಮಾರ್ಕು. ಆದ್ರೆ ಮೊದಲ್ನೇ ಅರ್ಜಿ ನಾನೇ ಕೆಡಿಸ್ಕೊಂಡೆ. ನಮ್ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯ ಇರ್ಬೇಕು ಅಂತಿದೆ, ನಾನು ಸಿಟ್ಟಲ್ಲಿ ಒಂಬತ್ತು ಪ್ರಶ್ನೆ ಬರ್ದಿದ್ದೆ, ಯಾಕೆ ಹಾಕಿದ್ರಿ, ಯಾಕೆ ಹೇಳಿಲ್ಲ, ಜೇನು ಸತ್ರೆ ಯಾರು ಹೊಣೆ, ಹೀಗೆ. ಜೊತೆಗೆ ಜೀವಕ್ಕೆ ಸಂಬಂಧಿಸಿದ ಮಾಹಿತಿ 48 ಗಂಟೇಲಿ ಕೊಡ್ಬೇಕು ಅಂತ ಕಲಂ 7(1)ನೂ ಸೇರಿಸಿದ್ದೆ, ಧೈರ್ಯ ನೋಡಿ. 48 ಗಂಟೆ ಬಿಡಿ, 29ನೇ ದಿನಕ್ಕೆ ಒಂದು ಹಿಂಬರಹ ಬಂತು, "ಸದರಿ ಮಾಹಿತಿಯು ಈ ಕಚೇರಿಗೆ ಸಂಬಂಧಿಸಿರುವುದಿಲ್ಲ". ಸಂಬಂಧ ಇಲ್ದಿದ್ರೆ ಸಂಬಂಧಪಟ್ಟೋರಿಗೆ 5 ದಿನದಲ್ಲಿ ವರ್ಗಾಯಿಸ್ಬೇಕು ಅಂತ 6(3)ರಲ್ಲಿದೆ, ಅದನ್ನ ಅವ್ರೂ ಓದಿಲ್ಲ, ಆಗ ನಾನೂ ಓದಿರ್ಲಿಲ್ಲ. ಕಚೇರಿ ಹೆಸರು ಬೇಡ, ನಾಳೆ ಅಲ್ಲೇ ಕೆಲಸ ಇರುತ್ತೆ.

ಎರಡನೇ ಸಲ ಬುದ್ಧಿ ಬಂತು. ಪ್ರಶ್ನೆ ಕೇಳ್ಬಾರ್ದು, ಕಾಗದ ಕೇಳ್ಬೇಕು. ಕೀಟನಾಶಕದ ದಾಸ್ತಾನು ವಹಿ, ಯಾವತ್ತು ಯಾರಿಗೆ ಎಷ್ಟು ಕೊಟ್ರು ಅನ್ನೋ ವಿತರಣೆ ವಹಿ, ಎರಚಿದ ಜಾಗದ ವಿವರ, ಚೀಲದ ಜೊತೆ ಬರೋ ಲೀಫ್‌ಲೆಟ್ ನಕಲು. ಇಷ್ಟೇ, ನಾಲ್ಕು ಸಾಲು. 41ನೇ ದಿನ ಬಂದು ತಗೊಂಡ್ ಹೋಗಿ ಅಂದ್ರು. 14 ಪುಟ, ಪುಟಕ್ಕೆ 2ರಂತೆ 28 ರೂಪಾಯಿ ಕಟ್ಟಿ ಅಂದ್ರು, 30 ದಿನ ದಾಟಿದ್ರೆ ಪುಕ್ಕಟೆ ಕೊಡ್ಬೇಕು ಸಾರ್, ಕಲಂ 7(6) ಅಂತ ಮೊಬೈಲಲ್ಲಿ ತೋರ್ಸಿದೆ, ಗುಮಾಸ್ತರು ಒಂದ್ಸಲ ಕನ್ನಡಕದ ಮೇಲಿಂದ ನೋಡಿ ಸುಮ್ನೆ ಕೊಟ್ರು. ಹೋಗಿ ಬರೋಕೆ ಪೆಟ್ರೋಲು ಇನ್ನೂರು ರೂಪಾಯಿ ಆಯ್ತು, ಅದು ಬೇರೆ ವಿಷ್ಯ.

ಪುಡಿ ಹೆಸರು ಸಿಕ್ತು: ಮೆಲಾಥಿಯಾನ್ 5%. ಲೀಫ್‌ಲೆಟ್ಟೂ ಸಿಕ್ತು, ವಿಷ ಏರಿದ್ರೆ ಅಟ್ರೋಪಿನ್ ಕೊಡ್ಬೇಕು ಅಂತ ಅದ್ರಲ್ಲೇ ಬರ್ದಿದೆ, ಇದು ಊರಿನ ಬೋರ್ಡ್ ಮೇಲೆ ಇರ್ಬೇಕಾದ ಮಾತು. ಜೇನಿಗೆ ಅದು ಕಡು ವಿಷ, ಮನುಷ್ಯರಿಗೂ ಕ್ಯಾನ್ಸರ್ ತರೋ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಪಟ್ಟೀಲಿ ಹಾಕಿದೆ. ಹಾಗಂತ ನಾಲ್ಕು ಕೆಜಿ ಪುಡಿಗೆ ಊರು ಬಿಡೋ ಹಾಗಿಲ್ಲ, ಪೆಟ್ಟಿಗೆ ಒಂದ್ ವಾರ ಬೇರೆ ಕಡೆ ಇಡ್ತಿದ್ದೆ ಅಷ್ಟೇ.

ನಗು ಬಂದಿದ್ದು ವಿತರಣೆ ವಹಿ ನೋಡಿ. ತಾರೀಖು ಇದೆ, ಕೆಜಿ ಇದೆ, ಸಹಿ ಇದೆ. "ಸ್ಥಳ" ಅನ್ನೋ ಕಾಲಂನಲ್ಲಿ ಮೊದಲ್ನೇ ಸಾಲಿಗೆ "ಅರಣ್ಯ" ಅಂತ ಬರ್ದು ಕೆಳಗೆ ಪುಟದ ಕೊನೇ ತನಕ ಬರೀ ಮೇಲಿನಂತೆ, ಮೇಲಿನಂತೆ, ಮೇಲಿನಂತೆ.

ಇಷ್ಟಕ್ಕೆಲ್ಲ ಯಾಕ್ ತಲೆ ಕೆಡಿಸ್ಕೋತೀಯ ಅಂದ ಒಬ್ಬ ಫ್ರೆಂಡು. ಕಾಸರಗೋಡಿನ ಪಡ್ರೆ, ನಮ್ ಬೆಳ್ತಂಗಡಿ ಕಡೆ ಕೊಕ್ಕಡ, ಪಟ್ರಮೆ, ಅಲ್ಲಿ ಗೇರು ತೋಪಿನ ಮೇಲೆ 2000ದ ತನಕ ವರ್ಷಗಟ್ಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸುರಿದ್ರು. ವಿಮಾನದಿಂದ ಸಿಂಪಡಿಸೋಕೆ 24 ಗಂಟೆ ಮುಂಚೆ ಜನಕ್ಕೆ ತಿಳಿಸ್ಬೇಕು ಅಂತ 1971ರ ಕೀಟನಾಶಕ ನಿಯಮದಲ್ಲೇ ಇತ್ತು. ಏನ್ ಸುರಿದ್ರಿ ಅಂತ ಕೇಳೋಕೆ ಆಗ ಆರ್‌ಟಿಐ ಇರ್ಲಿಲ್ಲ, ಅದು ಬಂದಿದ್ದು 2005ಕ್ಕೆ, ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ತಡೆದಿದ್ದು 2011ಕ್ಕೆ.

ಮೂರು ಸ್ಟಾರ್ ಹತ್ತು ರೂಪಾಯಿಗೂ ಆ 14 ಪುಟಕ್ಕೂ. ಕಟ್ ಮಾಡಿದ ಎರಡು ಸ್ಟಾರಲ್ಲಿ ಒಂದು ಆ ಹಿಂಬರಹಕ್ಕೆ, ಇನ್ನೊಂದು ಕಲಂ 4ಕ್ಕೆ, ಇಂಥ ಮಾಹಿತಿ ಯಾರೂ ಕೇಳದೆ ಇಲಾಖೆನೇ ಹೊರಗೆ ಹಾಕ್ಬೇಕು ಅಂತ ಅದ್ರಲ್ಲಿದೆ, ಮರಕ್ಕೆ ಒಂದು ರಟ್ಟು ಕಟ್ಟಿದ್ರೂ ನಡೀತಿತ್ತು. ಅರ್ಜಿ ಹಾಕೋರಿದ್ರೆ ಒಂದು ಮಾತು, ಕಲಂ 2(ಜೆ) ಪ್ರಕಾರ ವಹಿ ನಾವೇ ಕೂತು ನೋಡ್ಬೋದು, ವಸ್ತುವಿನ ಮಾದರಿನೂ ಕೇಳ್ಬೋದು, ನಂಗೆ ಮೊದ್ಲೇ ಗೊತ್ತಿದ್ರೆ ಒಂದು ಹಿಡಿ ಪುಡಿನೇ ಕೇಳ್ತಿದ್ದೆ.

"ಸ್ಥಳ: ಅರಣ್ಯ"ದ ಬಗ್ಗೆ ಮೇಲ್ಮನವಿ ಹಾಕಿದೀನಿ, ಉತ್ತರ ಬಂದಿಲ್ಲ. ಅಪ್ಪ ಈಗ ಆ ಮೂಲೆ ಬಿಟ್ಟು ಆಚೆ ಗುಡ್ಡದಿಂದ ದರಗು ತರ್ತಿದಾರೆ.